ಸೊಟ್ಟ ಡ್ರೈವೂ ನೆಟ್ಟಗಣ್ಣನೂ

ಆತನಿಗೆ ತಂದೆತಾಯಿ ಇಟ್ಟ ಹೆಸರು ಒಂದಿತ್ತು. ಅದು ವಿದ್ಯುತ್ ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಬೀದಿಗೆಲ್ಲ ಆತ ನೆಟ್ಟಗಣ್ಣ. ಈ ಬಿರುದು ಪುಕ್ಕಟೆ ಬಂದದ್ದಲ್ಲ, ವರ್ಷಗಟ್ಟಲೆ ದುಡಿದು ಸಂಪಾದಿಸಿದ್ದು. ಯಾರ ಮನೆಗೆ ಹೋದರೂ ಬಾಗಿಲು ದಾಟುವ ಮೊದಲೇ ಆತನ ಕಣ್ಣು ಗೋಡೆಗೆ ಹೋಗುತ್ತಿತ್ತು. ಗೋಡೆಯ ಮೇಲಿನ ಪಟ ಒಂದು ಕೂದಲೆಳೆಯಷ್ಟು ವಾಲಿದ್ದರೂ ಸಾಕು, ಮನೆಯವರು ಕ್ಷೇಮಸಮಾಚಾರ ಕೇಳುತ್ತಿರುವಾಗಲೇ ಆತ ತೋರುಬೆರಳಿನಿಂದ ಅದರ ಮೂಲೆಯನ್ನು ಮೆಲ್ಲಗೆ ತಳ್ಳಿ, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, "ಹಾಂ, ಈಗ ಹೇಳಿ" ಅನ್ನುತ್ತಿದ್ದ. ಮೇಜಿನ ಮೇಲಿನ ಚಮಚ, ಬಾಗಿಲ ಮುಂದಿನ ಕಾಲೊರಸು, ಎದುರಿಗೆ ನಿಂತು ಮಾತಾಡುವವರ ಕಾಲರು, ಯಾವುದಕ್ಕೂ ಆತನಿಂದ ಬಿಡುಗಡೆಯಿರಲಿಲ್ಲ. ಕ್ಷೌರದಂಗಡಿಯವನಂತೂ ಆತ ಬರುತ್ತಿರುವುದು ಕಂಡರೆ ಮೊದಲು ಕನ್ನಡಿ ಸರಿಪಡಿಸಿಕೊಂಡು ಆಮೇಲೆ ಕತ್ತರಿ ಹುಡುಕುತ್ತಿದ್ದ.

ಈ ಚಾಳಿಗೆ ಮದುವೆಯ ದಿನವೂ ರಜೆ ಇರಲಿಲ್ಲ. ಫೋಟೋದವನು "ರೆಡಿ" ಅಂದ ಗಳಿಗೆಯಲ್ಲಿ ಹಿಂದಿನ ಪರದೆ ಸೊಟ್ಟಗಿರುವುದು ನೆಟ್ಟಗಣ್ಣನ ಗಮನಕ್ಕೆ ಬಂದು, ಆತ ಅತ್ತ ತಿರುಗಿಬಿಟ್ಟಿದ್ದ. ಹಾಗಾಗಿ ಮದುವೆಯ ಫೋಟೋದಲ್ಲಿ ಹೆಂಡತಿ ನಗುತ್ತ ನಿಂತಿದ್ದಾಳೆ, ಪಕ್ಕದಲ್ಲಿ ಒಂದು ಬೆನ್ನಿದೆ. ಅದನ್ನು ಆಕೆ ನಡುಮನೆಯಲ್ಲೇ ನೇತುಹಾಕಿದ್ದಳು. ಬಂದವರಿಗೆ ತೋರಿಸಿ, "ಇವರೇ ನಮ್ಮ ಯಜಮಾನರು" ಅನ್ನುತ್ತಿದ್ದಳು.

ಇಂಥ ಮನುಷ್ಯನಿಗೆ ದೇವರು ಸರಿಯಾದ ಕಸುಬನ್ನೇ ಕೊಟ್ಟಿದ್ದ. ಬ್ರೆಡ್ಡಿನ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ, ನಿಂತರೆ ತಲೆ ತಾಗುವ, ಕುಳಿತರೆ ಮೊಣಕಾಲು ತಾಗುವ ಒಂದು ಮಳಿಗೆಯಲ್ಲಿ ಆತ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ. ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ಟಿನ ಪಟ್ಟಿಗೆ ಒರಗಿಕೊಂಡು ಹಾಡನ್ನು ಓದುವ ಒಂದು ಪುಟ್ಟ ಹೆಡ್ಡು ಇರುತ್ತದಷ್ಟೆ. ಅದರ ಪಕ್ಕದಲ್ಲೊಂದು ಸ್ಕ್ರೂ. ಹೆಡ್ಡು ಸ್ವಲ್ಪ ವಾಲಿದರೆ ಹಾಡು ಕಂಬಳಿ ಹೊದ್ದು ಹಾಡಿದ ಹಾಗೆ ಕೇಳಿಸುತ್ತದೆ. ನೆಟ್ಟಗಣ್ಣ ಕಣ್ಣು ಮುಚ್ಚಿ, ಕಿವಿಯೊಂದನ್ನೇ ನಂಬಿ ಆ ಸ್ಕ್ರೂ ತಿರುಗಿಸಿದನೆಂದರೆ ಗಾಯಕ ಕಂಬಳಿ ಕೊಡವಿ ಎದ್ದು ಕೂರುತ್ತಿದ್ದ. ಸಾಮಾನು ಹಿಂದಿರುಗಿಸುವಾಗ ಪ್ರತಿಯೊಬ್ಬ ಗಿರಾಕಿಗೂ ಬೆರಳೆತ್ತಿ ಒಂದು ಉಪದೇಶ ತಪ್ಪುತ್ತಿರಲಿಲ್ಲ: "ನೋಡಿ, ಈಗ ಹೆಡ್ಡು ನೆಟ್ಟಗಾಗಿದೆ. ನಿಮ್ಮ ಹಳೇ ಕ್ಯಾಸೆಟ್ಟು ಸೊಟ್ಟ ಹೆಡ್ಡಿನಲ್ಲಿ ರೆಕಾರ್ಡ್ ಆಗಿದ್ದರೆ ಇನ್ಮೇಲೆ ಮಂಕಾಗಿ ಕೇಳಿಸುತ್ತೆ. ಆಮೇಲೆ ಬಂದು ನನ್ನ ಬಯ್ಯಬೇಡಿ." ಪಕ್ಕದ ಬೀಗದ ಕೈಯವನಿಗೆ ಈ ಮಾತು ಬಾಯಿಪಾಠವಾಗಿತ್ತು. ನೆಟ್ಟಗಣ್ಣ ಊಟಕ್ಕೆ ಹೋದಾಗ ಗಿರಾಕಿ ಬಂದರೆ ಆತನೇ ಬೆರಳೆತ್ತಿ ಒಪ್ಪಿಸಿಬಿಡುತ್ತಿದ್ದ.

ಆಮೇಲೆ ಮನೆ ಕಂಪ್ಯೂಟರುಗಳ ಕಾಲ ಬಂತು. ಈಗಿನವರು ನೋಡಿದರೆ ಅದನ್ನು ಕಂಪ್ಯೂಟರ್ ಎಂದು ಒಪ್ಪಲಿಕ್ಕಿಲ್ಲ. ದಪ್ಪನೆಯ ಒಂದು ಕೀಲಿಮಣೆ, ಅದನ್ನು ಮನೆಯ ಟೀವಿಗೆ ಸಿಕ್ಕಿಸಬೇಕು, ಟೀವಿ ನೋಡುವವರನ್ನು ಎಬ್ಬಿಸಬೇಕು. ಮಾಡಿದ ಕೆಲಸವನ್ನು ಉಳಿಸಿಡಲು ಮೊದಮೊದಲು ಅದೇ ಹಾಡಿನ ಕ್ಯಾಸೆಟ್ಟು. ಅಲ್ಲಿಯವರೆಗೆ ನೆಟ್ಟಗಣ್ಣನ ಸ್ಕ್ರೂ ಸಾಕಾಗಿತ್ತು. ಆಮೇಲೆ ಬಂದದ್ದು ಫ್ಲಾಪಿ ಡ್ರೈವು. ಬೂಟಿನ ಡಬ್ಬಿಯಷ್ಟು ದೊಡ್ಡದು, ಇಸ್ತ್ರಿಪೆಟ್ಟಿಗೆಯಷ್ಟು ಬಿಸಿ, ಹೊಸ ಅಳಿಯನಷ್ಟು ಮುನಿಸು. ಕಪ್ಪು ಲಕೋಟೆಯಂಥ ಡಿಸ್ಕನ್ನು ಅದರ ಬಾಯಿಗಿಟ್ಟು ಅಗುಳಿ ತಿರುಗಿಸಿದರೆ, ಒಳಗೆ ಒಂದು ಹೆಡ್ಡು ಕಣ್ಣಿಗೆ ಕಾಣದ ಉಂಗುರದಿಂದ ಉಂಗುರಕ್ಕೆ ಹೆಜ್ಜೆಯಿಡುತ್ತ ಬರೆದದ್ದನ್ನು ಓದಬೇಕು. ಹೆಜ್ಜೆ ತಪ್ಪಿದರೆ ಕಟಕಟಕಟ ಎಂದು ತಲೆ ಚಚ್ಚಿಕೊಂಡು, ಟೀವಿಯ ಮೇಲೆ ತನ್ನಿಂದಾಗದು ಎಂದು ಬರೆದು ಸುಮ್ಮನಾಗುತ್ತಿತ್ತು.

ಹೆಡ್ಡು, ಹೆಜ್ಜೆ, ಒಂದು ಕೂದಲೆಳೆಯ ವ್ಯತ್ಯಾಸ, ಇಷ್ಟು ಕೇಳಿದ ಮೇಲೆ ನೆಟ್ಟಗಣ್ಣ ಸುಮ್ಮನಿರುವುದುಂಟೇ? ಆತ ಪಟ್ಟು ಹಿಡಿದು ಕಲಿತ. ಅಂಗಡಿಗೆ ತನ್ನದೇ ಒಂದು ಡ್ರೈವು ತಂದಿಟ್ಟ. ಹೆಡ್ಡು ನೆಟ್ಟಗಿದೆಯೇ ಎಂದು ಅಳೆಯಲೆಂದೇ ಕಾರ್ಖಾನೆಯಲ್ಲಿ ಬರೆದ 'ಅಳತೆ ಡಿಸ್ಕು' ಎಂಬುದೊಂದನ್ನು ತರಿಸಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಬಟ್ಟೆ ಸುತ್ತಿ ಇಟ್ಟ. ಹೆಂಡತಿಯೂ ಅದನ್ನು ಮುಟ್ಟುವ ಹಾಗಿರಲಿಲ್ಲ. ಬಿಳಿ ಕೋಟೊಂದು ಹೊಲಿಸಿದ. ಮಳಿಗೆಯ ಮೇಲೆ 'ಕಂಪ್ಯೂಟರ್ ಡ್ರೈವ್ ತಜ್ಞರು' ಎಂಬ ಫಲಕ ಬಂತು. ಅಂಗಡಿಯಲ್ಲಿದ್ದದ್ದು ಆತನೊಬ್ಬನೇ. ಬಹುವಚನ ಗೌರವಕ್ಕೆ. ಫಲಕ ಎಷ್ಟು ನೆಟ್ಟಗಿತ್ತೆಂದರೆ ಅದರ ಪಕ್ಕದಲ್ಲಿ ಕಟ್ಟಡವೇ ವಾಲಿದ ಹಾಗೆ ಕಾಣುತ್ತಿತ್ತು.

ಊರಿನಲ್ಲಿ ಅಂಥ ಡ್ರೈವುಗಳು ಬೆರಳೆಣಿಕೆಯಷ್ಟು. ಅವುಗಳಲ್ಲೆಲ್ಲ ಕೆಟ್ಟ ಹೆಸರು ಹೊತ್ತದ್ದು ಆತನ ನಾದಿನಿಯ ಮನೆಯ ಡ್ರೈವು.

ನಾದಿನಿ, ಅಂದರೆ ಹೆಂಡತಿಯ ತಂಗಿ, ಉಣ್ಣೆಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ದಿನವೆಲ್ಲ ಉಣ್ಣೆ ಮಾರಿ, ಬಿಡುವಿನಲ್ಲೆಲ್ಲ ಸ್ವೆಟರಿಗೆ ಹೊಸ ಹೊಸ ಚಿತ್ತಾರ ಯೋಚಿಸುವುದು ಆಕೆಯ ಹುಚ್ಚು. ಆ ಕಾಲದ ಕಂಪ್ಯೂಟರಿನ ಚಿತ್ರವೆಲ್ಲ ಚೌಕಚೌಕ. ಒಂದು ಮುಖ ಬರೆದರೆ ಮನುಷ್ಯನದೋ ಮಾಳಿಗೆಯದೋ ತಿಳಿಯುತ್ತಿರಲಿಲ್ಲ. ಉಳಿದವರು ಅದನ್ನು ಹಳಿದರೆ ಈಕೆಗೆ ಅದೇ ವರವಾಯಿತು. ಹೆಣಿಗೆಯೂ ಚೌಕಚೌಕವೇ ತಾನೆ, ಒಂದು ಚೌಕಕ್ಕೆ ಒಂದು ಕುಣಿಕೆ. ಸಾಲಾಗಿ ನಡೆಯುವ ಬಾತುಕೋಳಿಗಳು, ಗಾಳಿಗೆ ತಿರುಚಿದ ಕೊಡೆಗಳು, ಉಗಿಯಾಡುವ ಚಹದ ಕೆಟಲುಗಳು, ಹೀಗೆ ಬಿಸ್ಕತ್ತಿನ ಡಬ್ಬಿಯೊಂದರ ತುಂಬ ಡಿಸ್ಕುಗಳಲ್ಲಿ ಆಕೆಯ ಚಿತ್ತಾರಗಳು ತುಂಬಿಕೊಂಡಿದ್ದವು. ಹೆಣೆದು ಮುಗಿಸಿದ್ದು ನಾಲ್ಕಾರು. ಮಿಕ್ಕಿದ್ದೆಲ್ಲ ಆ ಡಬ್ಬಿಯಲ್ಲೇ.

ಆಕೆಯ ಗಂಡ, ನೆಟ್ಟಗಣ್ಣನ ಷಡ್ಡಕ, ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಮಾತು ಕಡಿಮೆ, ಅದೂ ನಲ್ಲಿಯಲ್ಲಿ ಬೇಸಿಗೆಯ ನೀರಿನಂತೆ, ಸ್ವಲ್ಪ ಕೆಮ್ಮಿ ಆಮೇಲೆ ಬರುತ್ತಿತ್ತು. ಅವರ ಮನೆಯ ಗೋಡೆಯ ಮೇಲೊಂದು ಲೋಲಕದ ಗಡಿಯಾರ. ಅದು ಕಣ್ಣಿಗೆ ಹೊಡೆಯುವಷ್ಟು ಸೊಟ್ಟಗಿತ್ತು. ನೆಟ್ಟಗಣ್ಣ ಹೋದಾಗಲೆಲ್ಲ ಅದನ್ನು ನೆಟ್ಟಗೆ ಮಾಡುತ್ತಿದ್ದ. ಆತ ಚಹ ಕುಡಿದು ಮುಗಿಸುವಷ್ಟರಲ್ಲಿ ಅದು ನಿಂತುಬಿಟ್ಟಿರುತ್ತಿತ್ತು. "ನಿಮ್ಮ ಗಡಿಯಾರ ಯಾವಾಗ ನೋಡಿದರೂ ನಿಂತೇ ಇರುತ್ತಲ್ಲ, ಅಂಗಡಿಗೆ ತಂದುಕೊಡಿ" ಎಂದು ಪ್ರತಿ ಸಲವೂ ಹೇಳಿ ಹೊರಡುತ್ತಿದ್ದ. ಷಡ್ಡಕ ಪ್ರತಿ ಸಲವೂ ತಲೆಯಾಡಿಸುತ್ತಿದ್ದ.

ಡ್ರೈವನ್ನು ಒಲಿಸಿಕೊಳ್ಳುವುದಕ್ಕೆ ಆ ಮನೆಯಲ್ಲಿ ಒಂದು ದೊಡ್ಡ ವಿಧಿಯೇ ಬೆಳೆದಿತ್ತು. ಮೊದಲು ಅದನ್ನು ಹಚ್ಚಿ, ಚಹಕ್ಕಿಟ್ಟ ನೀರು ಕುದಿಯುವವರೆಗೆ ಅದರ ಪಾಡಿಗೆ ಬಿಡಬೇಕು. ಹಿಂಬದಿಯ ಎಡಗಾಲಿನ ಕೆಳಗೆ ಬೆಂಕಿಪೊಟ್ಟಣ ಇರಬೇಕು, ಖಾಲಿಯದಲ್ಲ, ಅರ್ಧ ತುಂಬಿದ್ದು. ಅದು ಓದುತ್ತಿರುವಾಗ ಯಾರೂ ಬಾಗಿಲು ಬಡಿಯಬಾರದು, ಸೀನಬಾರದು. ಮೊದಲ ಸಲ ಕಟಕಟ ಅಂದರೆ ಡಿಸ್ಕು ತೆಗೆದು, ಡ್ರೈವಿನ ಬಾಯೊಳಗೆ ಗಾಳಿ ಊದಿ, ಮತ್ತೆ ಹಾಕಬೇಕು. ಎರಡನೇ ಸಲವೂ ಅಂದರೆ ನಾದಿನಿ ತನ್ನ ಅಂಗೈಯನ್ನು ಅದರ ನೆತ್ತಿಯ ಮೇಲಿಟ್ಟು ಸುಮ್ಮನೆ ಕೂರಬೇಕು. ಮೂರನೇ ಸಲಕ್ಕೆ ಅದು ಓದುತ್ತಿತ್ತು. ಓದಿಯೇ ಓದುತ್ತಿತ್ತು. ನೆಟ್ಟಗಣ್ಣನಿಗೆ ಇದನ್ನು ನೋಡಿದರೆ ಮೈ ಉರಿಯುತ್ತಿತ್ತು. ಯಂತ್ರವನ್ನು ಹಸುಗೂಸಿನಂತೆ ನೆತ್ತಿ ಸವರಿ ನಡೆಸುವುದು ವಿಜ್ಞಾನಕ್ಕೇ ಅವಮಾನ ಎಂಬುದು ಆತನ ಖಚಿತ ಅಭಿಪ್ರಾಯ.

ಒಂದು ಭಾನುವಾರ ಅಕ್ಕ ಭಾವ ಇಬ್ಬರನ್ನೂ ನಾದಿನಿ ಊಟಕ್ಕೆ ಕರೆದಿದ್ದಳು. ಊಟದ ನಡುವೆ ಸುದ್ದಿ ಹೊರಬಿತ್ತು. ದೊಡ್ಡ ಉಣ್ಣೆ ಗಿರಣಿಯೊಂದು ಪ್ರತಿ ಚಳಿಗಾಲಕ್ಕೂ ಹೆಣಿಗೆಯ ಚಿತ್ತಾರಗಳ ಪುಸ್ತಕ ಹೊರತರುತ್ತಿತ್ತು. ಅದರ ಮೇಲ್ವಿಚಾರಕಿ ಮರುದಿನ ಮಧ್ಯಾಹ್ನ ಈಕೆಯ ಮನೆಗೇ ಬಂದು ಚಿತ್ತಾರಗಳನ್ನು ಟೀವಿಯ ಮೇಲೆ ನೋಡುವವಳಿದ್ದಳು. ಆಕೆಗೆ ಹಿಡಿಸಿದರೆ ಪುಸ್ತಕದಲ್ಲಿ ಬರುತ್ತದೆ, ನಾದಿನಿಯ ಹೆಸರಿನ ಸಮೇತ. ಆಕೆ ಮಂಗಳವಾರ ಪರದೇಶಕ್ಕೆ ಹೊರಡುವವಳು. ಈ ವರ್ಷ ತಪ್ಪಿದರೆ ತಪ್ಪಿದಂತೆಯೇ.

ಇದನ್ನು ಹೇಳುವಾಗ ನಾದಿನಿಯ ಕೈ ತಟ್ಟೆಯಲ್ಲಿ ಸುಮ್ಮನೆ ಅನ್ನ ಕಲಸುತ್ತಿತ್ತು, ಬಾಯಿಗೆ ಹೋಗುತ್ತಿರಲಿಲ್ಲ. ನೆಟ್ಟಗಣ್ಣನಿಗೆ ಕಂಡದ್ದು ಬೇರೆ. ಗಿರಣಿಯ ದೊಡ್ಡ ಹೆಂಗಸಿನ ಎದುರಿಗೆ, 'ಡ್ರೈವ್ ತಜ್ಞರ' ಸ್ವಂತ ನಾದಿನಿ ಡ್ರೈವಿನ ನೆತ್ತಿ ಸವರುತ್ತ ಕೂರುವ ದೃಶ್ಯ. ಆತ ಕೈತೊಳೆದು ಬಂದವನೇ ಅಂಗಿಯ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ.

"ಮುಟ್ಟಬೇಡಿ ಭಾವ" ಅಂದಳು ನಾದಿನಿ. "ಅದು ಹೇಗೋ ನಡೀತಿದೆ. ನಾಳೆ ಒಂದು ದಿನ ಕಳೀಲಿ."

"ಹೇಗೋ ನಡೀತಿದೆ ಅನ್ನೋದನ್ನ ನಡಿಗೆ ಅಂತಾರಾ? ಕುಂಟೋದು ಅಂತಾರೆ."

"ಕುಂಟಲಿ ಬಿಡಿ. ಮನೆ ತನಕ ಬರುತ್ತಲ್ಲ."

ಹೆಂಡತಿಯೂ ಅಡುಗೆಮನೆಯಿಂದಲೇ, ಅವಳ ಮಾತು ಕೇಳಿ ಅಂದಳು. ಆದರೆ ಅಷ್ಟರಲ್ಲಿ ಇಬ್ಬರೂ ಪಾತ್ರೆ ತೊಳೆಯುತ್ತ ಮಾತಿಗೆ ನಿಂತರು, ಷಡ್ಡಕ ಕುರ್ಚಿಯಲ್ಲೇ ತೂಕಡಿಸಿದ, ನೆಟ್ಟಗಣ್ಣನೂ ಡ್ರೈವೂ ಒಂದೇ ಕೋಣೆಯಲ್ಲಿ ಉಳಿದುಬಿಟ್ಟರು. ಆ ಬೆಂಕಿಪೊಟ್ಟಣದ ಮೇಲೆ ವಾರೆಯಾಗಿ ಕುಳಿತ ಡ್ರೈವು ಆತನನ್ನು ನೋಡಿ ಕಣ್ಣು ಹೊಡೆದಂತಿತ್ತು.

ಮೇಲಿನ ಮುಚ್ಚಳ ತೆಗೆದಾಗ ಆತನಿಗೆ ಕರುಣೆಯೇ ಉಕ್ಕಿತು. ಹೆಡ್ಡಿನ ಮೇಲೆ ಕಂದುಬಣ್ಣದ ಕಿಟ್ಟ. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದ. ಬೆಲ್ಟು ಎಳೆದು ನೋಡಿದ, ಸಡಿಲವಿಲ್ಲ. ತಿರುಗುತ್ತಿದ್ದ ಚಕ್ರದ ಮೇಲಿನ ಕಪ್ಪು ಬಿಳಿ ಗೆರೆಗಳು ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಿಂತಲ್ಲೇ ನಿಂತಂತೆ ಕಂಡವು. ವೇಗವೂ ಸರಿ. ಇಷ್ಟಕ್ಕೇ ಕೈತೊಳೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆತ ಊಟಕ್ಕೆ ಹೋದರೂ ಬಿಡದೆ ಒಯ್ಯುತ್ತಿದ್ದ ಸಲಕರಣೆಯ ಚೀಲದಿಂದ ಒಂದು ಬಟ್ಟೆ ಬಿಚ್ಚಿ, ಇನ್ನೊಂದು ಬಟ್ಟೆ ಬಿಚ್ಚಿ, ಅಳತೆ ಡಿಸ್ಕನ್ನು ಹೊರತೆಗೆದು ಡ್ರೈವಿಗೆ ಹಾಕಿ, ಮೀಟರು ಜೋಡಿಸಿ ಅದರ ಮುಳ್ಳು ನೋಡಿದ. ಹೆಡ್ಡು ಇರಬೇಕಾದ ಕಡೆ ಇರಲೇ ಇಲ್ಲ. ದಾರಿ ಬಿಟ್ಟು ಚರಂಡಿಗೆ ಒಂದು ಕಾಲಿಟ್ಟು ನಡೆಯುವ ಕುಡುಕನ ಹಾಗೆ ಉಂಗುರದ ಅಂಚಿಗೆ ವಾಲಿತ್ತು.

ಹೆಡ್ಡನ್ನು ನಡೆಸುವ ಮೋಟಾರಿಗೆ ಎರಡು ಸ್ಕ್ರೂ. ಅವನ್ನು ಸಡಿಲಿಸುವ ಮೊದಲು, ಮೋಟಾರು ಎಲ್ಲಿತ್ತೆಂದು ಒಂದು ಗೀಟು ಎಳೆದಿಡುವುದು ಕಸುಬಿನ ಮೊದಲ ಪಾಠ. ನೆಟ್ಟಗಣ್ಣನೂ ಬೇರೆಯವರ ಡ್ರೈವಿಗೆ ಹಾಗೇ ಮಾಡುತ್ತಿದ್ದ. ಈ ಸಲ ಪೆನ್ಸಿಲ್ ಕೈಗೆತ್ತಿಕೊಂಡವನು ಮತ್ತೆ ಜೇಬಿಗಿಟ್ಟ. ಇಷ್ಟು ಸೊಟ್ಟಕ್ಕೆ ಗುರುತು ಬೇರೆ ಕೇಡು, ಇಲ್ಲಿಗೆ ವಾಪಸ್ಸು ಬರುವವರು ಯಾರು ಎಂದುಕೊಂಡು ಸ್ಕ್ರೂ ತಿರುಗಿಸಿಯೇಬಿಟ್ಟ.

ಅರ್ಧ ತಾಸಿನಲ್ಲಿ ಮೀಟರಿನ ಮುಳ್ಳು ನಟ್ಟನಡುವೆ ನಿಂತಿತು. ಅಳತೆ ಡಿಸ್ಕು ಬೆಣ್ಣೆಯ ಮೇಲೆ ಬೆರಳಾಡಿಸಿದಷ್ಟು ನುಣ್ಣಗೆ ಓದಿತು. ಬೆಂಕಿಪೊಟ್ಟಣವನ್ನು ಕಿಟಕಿಯಿಂದ ಹೊರಗೆಸೆದು ನೆಟ್ಟಗಣ್ಣ ಮನೆಮಂದಿಯನ್ನೆಲ್ಲ ಕರೆದ. ಒಂದು ಸಣ್ಣ ಭಾಷಣವೂ ಆಯಿತು. ವಿಜ್ಞಾನ, ಶಿಸ್ತು, ನೆತ್ತಿ ಸವರುವವರ ಅಜ್ಞಾನ, ಎಲ್ಲವೂ ಅದರಲ್ಲಿ ಬಂದವು. ಷಡ್ಡಕನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿಸಲಾಯಿತು.

ನಾದಿನಿ ಬಿಸ್ಕತ್ತಿನ ಡಬ್ಬಿ ತಂದು, ಬಾತುಕೋಳಿಗಳ ಡಿಸ್ಕನ್ನು ಹಾಕಿದಳು.

ಕಟಕಟಕಟ.

"ಧೂಳಿರಬೇಕು" ಅಂದ ನೆಟ್ಟಗಣ್ಣ. ಕೊಡೆಗಳ ಡಿಸ್ಕು ಹಾಕಿದರು. ಕಟಕಟಕಟ. ಕೆಟಲುಗಳು. ಕಟಕಟಕಟ. ನಾದಿನಿ ನೆತ್ತಿಯ ಮೇಲೆ ಕೈಯಿಟ್ಟಳು, ಷಡ್ಡಕ ಅಂಗಳಕ್ಕೆ ಹೋಗಿ ಬೆಂಕಿಪೊಟ್ಟಣ ಹುಡುಕಿ ತಂದು ಕಾಲಿನ ಕೆಳಗಿಟ್ಟ, ಎಲ್ಲರೂ ಉಸಿರು ಬಿಗಿಹಿಡಿದು ಕೂತರು. ಡ್ರೈವು ಕಟಕಟವನ್ನು ಬಿಟ್ಟು ಬೇರೆ ಭಾಷೆಯನ್ನೇ ಮರೆತಿತ್ತು. ಡಬ್ಬಿಯಲ್ಲಿದ್ದ ಡಿಸ್ಕುಗಳೆಲ್ಲ ಮುಗಿದವು. ಒಂದೂ ಓದಲಿಲ್ಲ.

ತಜ್ಞರಿಗೆ ಇಂಥ ಹೊತ್ತಿನಲ್ಲಿ ತಮ್ಮ ಮೇಲೆ ಅನುಮಾನ ಬರುವುದು ಕಡೆಯಲ್ಲಿ. ನೆಟ್ಟಗಣ್ಣ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಭಾನುವಾರವಾದರೂ ಅಂಗಡಿಯ ಬಾಗಿಲು ತೆಗೆದು, ತನ್ನ ಡ್ರೈವಿನಲ್ಲಿ ಒಂದೊಂದನ್ನೇ ಹಾಕಿ ನೋಡಿದ. ಅದೇ ಕಟಕಟ. ಆತನಿಗೆ ಒಳಗೊಳಗೇ ಸಮಾಧಾನವಾಯಿತು. ಊರಿನಲ್ಲೇ ನೆಟ್ಟಗಿರುವ ಡ್ರೈವಿನಲ್ಲೂ ಓದದಿದ್ದರೆ ತಪ್ಪು ಡಿಸ್ಕಿನದೇ ತಾನೆ. ವಾಪಸ್ಸು ಬಂದು ಡಬ್ಬಿ ಕೆಳಗಿಟ್ಟು ತೀರ್ಪು ಕೊಟ್ಟ: ಡಿಸ್ಕುಗಳು ಸತ್ತಿವೆ. ಯಾರೋ ಅವನ್ನು ಟೀವಿಯ ಸ್ಪೀಕರಿನ ಹತ್ತಿರ ಇಟ್ಟಿದ್ದಾರೆ, ಅದರ ಅಯಸ್ಕಾಂತ ಎಲ್ಲ ಅಳಿಸಿಹಾಕಿದೆ. ಯಾರೋ ಅನ್ನುವಾಗ ಆತ ಷಡ್ಡಕನನ್ನೇ ನೋಡಿದ. ಷಡ್ಡಕ ಕೆಮ್ಮಿದ, ಆದರೆ ಮಾತು ಹೊರಬರಲಿಲ್ಲ.

"ಬೆಳಗ್ಗೆ ಓದಿತ್ತು ಭಾವ" ಅಂದಳು ನಾದಿನಿ. ಅಷ್ಟೇ ಅಂದಳು. ಡಬ್ಬಿಯ ಮುಚ್ಚಳ ಹಾಕಿ ಎತ್ತಿಟ್ಟಳು. ಬೈದಿದ್ದರೆ ನೆಟ್ಟಗಣ್ಣ ತಿರುಗಿ ಎರಡು ಮಾತಾಡಿ ಹಗುರಾಗುತ್ತಿದ್ದ. ಆಕೆ ಬೈಯದೆ ಆತನನ್ನು ಪೇಚಿಗೆ ಸಿಕ್ಕಿಸಿದಳು.

ಸೋಮವಾರ ಬೆಳಗ್ಗೆ ಹೆಂಡತಿ ಆತನನ್ನು ಅಂಗಡಿಗೆ ಹೋಗಲು ಬಿಡಲಿಲ್ಲ. "ಬನ್ನಿ, ತಂಗಿಗೆ ಮುಖ ತೋರಿಸಿ ಬರೋಣ. ಫೋಟೋದಲ್ಲಿ ತೋರಿಸಿದ ಹಾಗೆ ಬೆನ್ನು ತೋರಿಸಿಬಿಟ್ಟರೆ ಆಗಲ್ಲ" ಎಂದು ಹೊರಡಿಸಿಕೊಂಡು ಬಂದಳು.

ಗಂಡನ ಜೊತೆ ತಾನೂ ರಜೆ ಹಾಕಿದ್ದ ನಾದಿನಿ, ಹೆಣೆದು ಮುಗಿದಿದ್ದ ನಾಲ್ಕಾರು ಸ್ವೆಟರುಗಳನ್ನೇ ಮಂಚದ ಮೇಲೆ ಹರಡುತ್ತಿದ್ದಳು. ಇವನ್ನು ತೋರಿಸುತ್ತೇನೆ, ಉಳಿದದ್ದನ್ನು ಬಾಯಲ್ಲಿ ಹೇಳುತ್ತೇನೆ ಅಂದಳು. ಬಾತುಕೋಳಿಯನ್ನು ಬಾಯಲ್ಲಿ ಹೇಳುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ನೆಟ್ಟಗಣ್ಣ ಎಲ್ಲಿ ನೋಡುವುದೆಂದು ತಿಳಿಯದೆ ಗೋಡೆ ನೋಡಿದ. ಗಡಿಯಾರ ಸೊಟ್ಟಗಿತ್ತು. ಆತನ ಬೆರಳು ತನ್ನಷ್ಟಕ್ಕೆ ಹೋಗಿ ಅದನ್ನು ತಳ್ಳಿತು. ಟಿಕ್ ಟಿಕ್ ಅನ್ನುತ್ತಿದ್ದದ್ದು ತಡವರಿಸಿ, ಕುಂಟಿ, ನಿಂತಿತು. ಮಾತಿಲ್ಲದ ಮನೆಯಲ್ಲಿ ಆ ನಿಂತದ್ದು ಎಲ್ಲರಿಗೂ ಕೇಳಿಸಿತು.

ಷಡ್ಡಕ ಎದ್ದು ಬಂದು ಗಡಿಯಾರವನ್ನು ಮತ್ತೆ ವಾಲಿಸಿ, ಲೋಲಕಕ್ಕೆ ಒಂದು ತಟ್ಟು ತಟ್ಟಿದ. ಅದು ನಡೆಯತೊಡಗಿತು.

"ಅದು ಸೊಟ್ಟಗಿದ್ದರೇ ನಡೆಯೋದು ಅಣ್ಣ" ಅಂದ ಕೆಮ್ಮಿ. "ಯಾರೋ ಮೊದಲು ಸೊಟ್ಟ ಗೋಡೆಗೆ ಹಾಕಿ, ಅದಕ್ಕೇ ಹೊಂದಿಸಿಬಿಟ್ಟಿದ್ದಾರೆ."

"ಮತ್ತೆ ಇಷ್ಟು ವರ್ಷ ಹೇಳಲೇ ಇಲ್ಲ?"

"ನೀವು ಬರೋದು ತಿಂಗಳಿಗೊಂದು ಸಲ. ಉಳಿದ ದಿನ ನಾವು ಟೈಮ್ ನೋಡ್ಕೋತಿದ್ವಿ."

ನೆಟ್ಟಗಣ್ಣ ಗಡಿಯಾರವನ್ನೇ ನೋಡುತ್ತ ನಿಂತ. ಸೊಟ್ಟ, ಸೊಟ್ಟಕ್ಕೇ ಹೊಂದಿಸಿದ್ದು. ಎಲ್ಲೋ ಕೇಳಿದ ಮಾತು. ಎಲ್ಲೋ ಏನು, ಆತ ತನ್ನ ಮಳಿಗೆಯಲ್ಲಿ ನಿಂತು ಬೆರಳೆತ್ತಿ ಹೇಳಿದ ಮಾತು. ಸೊಟ್ಟ ಹೆಡ್ಡಿನಲ್ಲಿ ರೆಕಾರ್ಡ್ ಆದದ್ದು ನೆಟ್ಟಗಿನ ಹೆಡ್ಡಿಗೆ ಮಂಕು. ಬೀಗದ ಕೈಯವನಿಗೂ ಗೊತ್ತಿದ್ದ ಮಾತು. ಆ ಡ್ರೈವು ವರ್ಷಗಟ್ಟಲೆ ವಾಲಿದ ಹೆಡ್ಡಿನಿಂದ ವಾಲಿದ ಉಂಗುರಗಳನ್ನೇ ಬರೆದಿದೆ, ವಾಲಿದ್ದರಿಂದಲೇ ಅವನ್ನು ಓದಿದೆ. ಊರಿನ ನೆಟ್ಟಗಿನ ಡ್ರೈವುಗಳಿಗೆಲ್ಲ ಅವು ಕುರುಡು. ಓದಬಲ್ಲದ್ದು ಜಗತ್ತಿನಲ್ಲಿ ಒಂದೇ ಒಂದಿತ್ತು. ಅದನ್ನು ಆತ ನಿನ್ನೆ ಸರಿಮಾಡಿದ್ದ.

ಆತ ಹೋಗಿ ಬಿಸ್ಕತ್ತಿನ ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟ.

"ಡಿಸ್ಕ್ ಹಾಳಾಗಿಲ್ಲ. ಹಾಳಾಗಿರೋದು ಡ್ರೈವು" ಅಂದ.

"ನಿನ್ನೆ ನೀವೇ ಸರಿ ಮಾಡಿದ್ರಲ್ಲ ಭಾವ?"

"ಅದೇ ಅದಕ್ಕೆ ಆಗಿರೋದು."

ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು. ಮೊದಲು ಎಲ್ಲಿತ್ತೋ ಅಲ್ಲಿಗೆ ಗುರುತು ಹಾಕಿದ್ದೀರಿ ತಾನೆ ಅಂತ. ಗಂಡನ ಕಿವಿ ಕೆಂಪಾದದ್ದು ನೋಡಿ ಆಕೆಗೆ ಉತ್ತರ ಸಿಕ್ಕಿತು.

ಆಮೇಲೆ ಶುರುವಾಯಿತು ಕೆಡಿಸುವ ಕೆಲಸ. ನೆಟ್ಟಗಣ್ಣ ಮುಚ್ಚಳ ಬಿಚ್ಚಿ, ಸ್ಕ್ರೂ ಸಡಿಲಿಸಿ, ಮೋಟಾರನ್ನು ಒಂದಿಷ್ಟು ಅತ್ತ ಸರಿಸುವನು. ಹೆಂಡತಿ ದೀಪ ಹಿಡಿಯುವಳು. ನಾದಿನಿ ಬಾತುಕೋಳಿಯ ಡಿಸ್ಕು ಹಾಕುವಳು. ಕಟಕಟ. ಇತ್ತ ಸರಿಸುವನು. ಕಟಕಟ. ಕೆಡಿಸುವುದೇನು ಮಹಾ, ಯಾರಿಗಾದರೂ ಬರುತ್ತದೆ ಎಂದುಕೊಂಡಿದ್ದ ಆತನಿಗೆ ಬೆವರಿಳಿಯಿತು. ನೆಟ್ಟಗಿರುವುದು ಒಂದೇ ಕಡೆ, ಸೊಟ್ಟಗಿರುವುದಕ್ಕೆ ಕೊನೆ ಮೊದಲಿಲ್ಲ. ಸಾಲದ್ದಕ್ಕೆ, ಜೀವಮಾನವೆಲ್ಲ ಒಂದೇ ಕೆಲಸ ಮಾಡಿದ ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಕೆಡಿಸೆಂದು ಕಳಿಸಿದರೆ ಹೋಗಿ ನೆಟ್ಟಗೆ ಮಾಡಿ ಬರುತ್ತಿದ್ದವು. ಮೀಟರಿನ ಮುಳ್ಳು ಮತ್ತೆ ಮತ್ತೆ ನಟ್ಟನಡುವೆಯೇ ಬಂದು ನಿಲ್ಲುತ್ತಿತ್ತು.

ಊಟದ ಹೊತ್ತು ಸಮೀಪಿಸಿತು. ಅಷ್ಟು ಹೊತ್ತೂ ಗೋಡೆಗೊರಗಿ ನಿಂತಿದ್ದ ಷಡ್ಡಕ ದೀರ್ಘವಾಗಿ ಕೆಮ್ಮಿದ.

"ಅದು ಹೇಗೆ ಸೊಟ್ಟಗಾಯ್ತು ಅಂತ ನನಗೆ ಗೊತ್ತಿರಬಹುದು" ಅಂದ.

ಕಥೆ ಹೀಗಿತ್ತು. ಆತನ ಹತ್ತಿರ ಸಬ್‌ಮರೀನಿನ ಆಟವೊಂದಿತ್ತು. ಯಾರೂ ಕದ್ದು ನಕಲು ಮಾಡಬಾರದೆಂದು ಅದನ್ನು ಮಾಡಿದವರು ಡಿಸ್ಕಿನಲ್ಲಿ ಬೇಕೆಂದೇ ಒಂದು ತಪ್ಪು ಜಾಗ ಇಟ್ಟಿದ್ದರು. ಆಟ ತೆರೆದಾಗಲೆಲ್ಲ ಡ್ರೈವು ಆ ಜಾಗಕ್ಕೆ ಎಡವಿ, ಹೆಡ್ಡನ್ನು ಹಿಂದಕ್ಕೆಳೆದು ಕೊನೆಯಲ್ಲಿ ಅದನ್ನು ತಡೆಯುವ ಗೂಟಕ್ಕೆ ಕಟಕಟನೆ ಬಡಿದುಕೊಳ್ಳುತ್ತಿತ್ತು. ದಿನವೂ ಒಂದೇ ಕಡೆಯಿಂದ ಬಿದ್ದ ಆ ಪೆಟ್ಟುಗಳಿಗೇ ಮೋಟಾರು ಇಷ್ಟಿಷ್ಟೇ ಜರುಗಿದ್ದು.

ನಾದಿನಿ ಗಂಡನತ್ತ ತಿರುಗಿದಳು. "ಆ ಆಟ ಬಿಟ್ಟೆ ಅಂದಿದ್ರಿ."

"ಆಡೋದು ಬಿಟ್ಟೆ ಅಂದಿದ್ದೆ. ತೆರೆಯುತ್ತೋ ಇಲ್ಲವೋ ಅಂತ ನೋಡೋದು ಬಿಟ್ಟಿರಲಿಲ್ಲ."

"ದಿನಾನೂ ನೋಡ್ತಿದ್ರಾ?"

"ನೀನು ಅಂಗಡಿಗೆ ಹೋದ ಮೇಲೆ. ಡ್ರೈವಿನ ಆರೋಗ್ಯ ವಿಚಾರಿಸೋದಕ್ಕೆ."

ಬೇರೆ ದಿನವಾಗಿದ್ದರೆ ಈ ವಿಚಾರಣೆ ಸಂಜೆಯವರೆಗೂ ನಡೆಯುತ್ತಿತ್ತು. ಆದರೆ ನೆಟ್ಟಗಣ್ಣ ಎದ್ದು ನಿಂತು ಷಡ್ಡಕನ ಎರಡೂ ಕೈ ಹಿಡಿದುಕೊಂಡ. ಹತ್ತಾರು ವರ್ಷದ ನೆಂಟಸ್ತನದಲ್ಲಿ ಅದು ಮೊದಲ ಸಲ. ಆತ ಸ್ಕ್ರೂಗಳನ್ನು ಪೂರ್ತಿ ಬಿಗಿಯದೆ, ಪೂರ್ತಿ ಸಡಿಲವೂ ಬಿಡದೆ, ಪೆಟ್ಟು ಬಿದ್ದರೆ ಜರುಗುವಷ್ಟು ಮಾತ್ರ ಹಿಡಿಸಿ, "ಹಾಕಿ ನಿಮ್ಮ ಸಬ್‌ಮರೀನು" ಅಂದ.

ಹೆಂಡತಿಯ ಎದುರಿಗೇ, ಹೆಂಡತಿಯ ಒಪ್ಪಿಗೆಯ ಮೇಲೆ, ಮನೆಯ ಮಾನ ಉಳಿಸುವ ಸಲುವಾಗಿ ಆಟ ಹಚ್ಚುವ ಭಾಗ್ಯ ಎಷ್ಟು ಗಂಡಂದಿರಿಗೆ ಬಂದೀತು? ಷಡ್ಡಕ ತೋಳು ಮಡಚಿಕೊಂಡು ಕುಳಿತ. ಕಟಕಟಕಟ. ನಿನ್ನೆಯಿಂದ ಎದೆಗೆ ಮೊಳೆ ಹೊಡೆದಂತೆ ಕೇಳಿಸುತ್ತಿದ್ದ ಅದೇ ಸದ್ದನ್ನು ಈಗ ನಾಲ್ವರೂ ಆಸೆಯಿಂದ ಕೇಳುತ್ತಿದ್ದರು. ಆಟ ಒಂದು ಸಲ, ಬಾತುಕೋಳಿ ಒಂದು ಸಲ. ಆಟ, ಬಾತುಕೋಳಿ. ನೆಟ್ಟಗಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಮುಟ್ಟಿದರೆ ಮತ್ತೆ ಸರಿಹೋಗಿಬಿಡುತ್ತದೆಂಬ ಹೆದರಿಕೆ.

ಹಾಗೆ ಎಷ್ಟೋ ಸಲ ಆದ ಮೇಲೆ, ಬಾತುಕೋಳಿಯ ಡಿಸ್ಕು ಕಟಕಟ ಎಂದು ಶುರುಮಾಡಿ, ನಡುವೆ ತಡೆದು, ಗುರ್ರ್ ಎಂದು ಗಂಟಲು ಸರಿಪಡಿಸಿಕೊಂಡಿತು. ನಾದಿನಿ ಮೆಲ್ಲನೆ ಅಂಗೈಯನ್ನು ನೆತ್ತಿಯ ಮೇಲಿಟ್ಟಳು. ನೆಟ್ಟಗಣ್ಣ ತುಟಿ ಬಿಚ್ಚಲಿಲ್ಲ. ಟೀವಿಯ ಮೇಲೆ ಮೊದಲು ಒಂದು ಹಳದಿ ಕೊಕ್ಕು ಬಂತು, ಆಮೇಲೆ ಕೊಕ್ಕಿನ ಹಿಂದೆ ಬಾತುಕೋಳಿ, ಅದರ ಹಿಂದೆ ಇನ್ನೊಂದು, ಇಡೀ ಸಾಲು ಪಟಪಟನೆ ನಡೆದು ಬಂತು.

ಯಾರೂ ಕೂಗಾಡಲಿಲ್ಲ. ಸೀನಬಾರದು, ಬಾಗಿಲು ಬಡಿಯಬಾರದು ಎಂಬ ಹಳೆಯ ನಿಯಮಗಳೆಲ್ಲ ಮತ್ತೆ ಜಾರಿಗೆ ಬಂದಿದ್ದವು. ನೆಟ್ಟಗಣ್ಣ ಉಸಿರು ಹಿಡಿದು ಸ್ಕ್ರೂ ಬಿಗಿದ. ಆಮೇಲೆ ಹೆಂಡತಿಯ ಕೈಚೀಲದಿಂದ ಉಗುರಿನ ಕೆಂಪು ಬಣ್ಣ ಕೇಳಿ ಇಸಿದುಕೊಂಡು, ಮೋಟಾರಿನಿಂದ ತಗಡಿನವರೆಗೆ ಒಂದು ಗೀಟು ಎಳೆದ. ಸೊಟ್ಟ ಜಾಗಕ್ಕೆ ಹಾಕಿದ ಗುರುತು ಅದೊಂದು, ಅದೂ ಬಹಳ ನೆಟ್ಟಗಿತ್ತು.

ಗಿರಣಿಯ ಮೇಲ್ವಿಚಾರಕಿ ಹೇಳಿದ ಹೊತ್ತಿಗೆ ಬಂದಳು. ಗಂಭೀರ ಹೆಂಗಸು, ಗರಿಗರಿ ಉಡುಪು, ಆದರೆ ಆಕೆಯ ಕನ್ನಡಕ ಒಂದು ಕಡೆ ಹುಬ್ಬಿನ ಮೇಲೆ, ಇನ್ನೊಂದು ಕಡೆ ಕೆನ್ನೆಯ ಮೇಲೆ ಕುಳಿತಿತ್ತು. ಅದನ್ನು ಕಂಡ ಕೂಡಲೇ ನೆಟ್ಟಗಣ್ಣ ಮೂಲೆಯ ಕುರ್ಚಿಯಲ್ಲಿ ತನ್ನ ಎರಡೂ ಕೈಗಳ ಮೇಲೆ ಕುಳಿತುಬಿಟ್ಟ. ಹೆಂಡತಿ ಆತನ ಪಕ್ಕದಲ್ಲೇ ಕುಳಿತಳು, ಕಾವಲಿಗೆ.

ಬಾತುಕೋಳಿಗಳು ಬಂದವು, ಕೊಡೆಗಳು ಬಂದವು. ಆಕೆ ಮುಖದಲ್ಲಿ ಏನನ್ನೂ ತೋರಿಸದೆ ನೋಡುತ್ತ ಹೋದಳು. ಕೆಟಲುಗಳ ಡಿಸ್ಕಿಗೆ ಡ್ರೈವು ಕಟಕಟ ಅಂದಿತು. ನಾಲ್ವರೂ ಒಟ್ಟಿಗೆ ಡ್ರೈವಿನತ್ತ ಬಗ್ಗಿದರು. ಆಕೆ ಮಾತ್ರ ಮೊದಲ ಸಲ ನಕ್ಕಳು.

"ನೆತ್ತಿ ಮೇಲೆ ಕೈ ಇಡಿ" ಅಂದಳು. "ನಮ್ಮನೇದಕ್ಕೂ ಹಾಗೇ ಮಾಡ್ತೀನಿ."

ಹೊರಡುವ ಹೊತ್ತಿಗೆ ಕೊಡೆಗಳೂ ಕೆಟಲುಗಳೂ ಚಳಿಗಾಲದ ಪುಸ್ತಕಕ್ಕೆಂದು ನಿಶ್ಚಯವಾಗಿದ್ದವು. ಬಾತುಕೋಳಿಗಳು ಮುಂದಿನ ವರ್ಷದ ಮಕ್ಕಳ ಪುಸ್ತಕಕ್ಕೆ. ಹೆಸರು ಹೇಗೆ ಅಚ್ಚು ಹಾಕಬೇಕೆಂದು ಆಕೆ ಕೇಳಿದಾಗ, ನಾದಿನಿ ತನ್ನದೇ ಹೆಸರನ್ನು ಎರಡು ಸಲ ತಪ್ಪಿ ಹೇಳಿ ಮೂರನೇ ಸಲ ಸರಿಯಾಗಿ ಹೇಳಿದಳು, ಥೇಟು ಅವಳ ಡ್ರೈವಿನ ಹಾಗೆ.

ಬಾಗಿಲಲ್ಲಿ ನಿಂತು ಮೇಲ್ವಿಚಾರಕಿ, ಈ ಡ್ರೈವು ರಿಪೇರಿ ಮಾಡುವವರು ಯಾರು ಎಂದು ವಿಚಾರಿಸಿದಳು.

"ನಮ್ಮ ಭಾವ" ಅಂದಳು ನಾದಿನಿ. "ಇವರು ಕೈಯಿಟ್ಟ ಮೇಲೆ ಮೊದಲು ಹೇಗಿತ್ತೋ ಹಾಗೇ ಆಯ್ತು."

ನೆಟ್ಟಗಣ್ಣ ಎದ್ದು ನಿಂತ. ಕೈಗಳು ಜೋಮು ಹಿಡಿದಿದ್ದವು. "ನಿಮ್ಮದು ಓದುತ್ತಾ?" ಅಂದ.

"ಮನಸ್ಸು ಬಂದರೆ ಓದುತ್ತೆ."

"ಹಳೇ ಡಿಸ್ಕುಗಳು?"

"ಕಪಾಟು ತುಂಬ ಇವೆ."

"ಹಾಗಾದರೆ ಯಾರಿಗೂ ಮುಟ್ಟೋಕೆ ಬಿಡಬೇಡಿ. ನನಗೂ ಬಿಡಬೇಡಿ. ಮೊದಲು ಇನ್ನೊಂದು ಡ್ರೈವು ಪಕ್ಕದಲ್ಲಿಟ್ಟು ಎಲ್ಲಾ ನಕಲು ಮಾಡ್ಕೊಳ್ಳಿ. ಆಮೇಲೆ ಕರೀರಿ, ನೋಡೋಣ."

ಅಷ್ಟು ಹೇಳಿ ಆತ ಆಕೆಯ ಕನ್ನಡಕವನ್ನು ಒಂದು ಸಲ ಆಳವಾಗಿ ನೋಡಿ, ಕಣ್ಣು ಕೆಳಗೆ ಹಾಕಿದ. ಕನ್ನಡಕ ಬಂದ ಹಾಗೆಯೇ ವಾಲಿಕೊಂಡು ಕಾರು ಹತ್ತಿ ಹೋಯಿತು. ವಾರದೊಳಗೆ ನೆಟ್ಟಗಣ್ಣ ತನ್ನ ಅಂಗಡಿಯ ಡ್ರೈವನ್ನು ಹೊತ್ತು ತಂದು, ನಾದಿನಿಯ ಡಿಸ್ಕುಗಳನ್ನೆಲ್ಲ ಸೊಟ್ಟದರಿಂದ ನೆಟ್ಟಗಿನದಕ್ಕೆ ಒಂದೊಂದಾಗಿ ಇಳಿಸಿಕೊಟ್ಟದ್ದು ಆಮೇಲಿನ ಮಾತು. ಅವತ್ತು ದಾರಿಯಲ್ಲಿ ಹೆಂಡತಿ, ಕನ್ನಡಕವನ್ನು ಹೇಗೆ ಬಿಟ್ಟಿರಿ, ಮೈ ಹುಷಾರಿಲ್ಲವೇ ಎಂದು ಕೇಳಿದಳು.

"ಆ ಕಣ್ಣು ಅದಕ್ಕೇ ಹೊಂದಿಕೊಂಡಿರುತ್ತೆ ಕಣೆ" ಅಂದ ನೆಟ್ಟಗಣ್ಣ.

ಮನೆಗೆ ಬಂದು ದೀಪ ಹಾಕಿದಾಗ, ನಡುಮನೆಯ ಮದುವೆಯ ಫೋಟೋ ಒಂದಿಷ್ಟು ವಾಲಿತ್ತು. ಆತನ ಬೆರಳು ಮೇಲೆದ್ದಿತು, ಹಾಗೇ ಗಾಳಿಯಲ್ಲಿ ನಿಂತಿತು. ಆತ ಹೆಂಡತಿಯತ್ತ ತಿರುಗಿ, ಸಂಸಾರ ಹೂಡಿದ ಮೇಲೆ ಮೊತ್ತಮೊದಲ ಬಾರಿಗೆ ಅಪ್ಪಣೆ ಕೇಳಿದ.

"ಇದನ್ನ ನೆಟ್ಟಗೆ ಮಾಡಬಹುದಾ?"

"ಧಾರಾಳವಾಗಿ ಮಾಡಿ" ಅಂದಳು ಆಕೆ. "ಏನು ಮಾಡಿದ್ರೂ ನೀವಂತೂ ಈ ಕಡೆ ತಿರುಗಲ್ಲ."